ಮಳೆಗಾಲದಲ್ಲಿ ಕಡಲ ರೀವ ದಡಕ್ಕೆ ಬಿದ್ದರೆ

"ಹಕ್ಕಿ ಬಿದ್ಕಂಡಿತ್ ಅಕ್ಕಾ, ಇನ್ನೂ ಜೀವ ಇತ್ತ್."

ಆಸಾಡಿಯಲ್ಲಿ ಮರವಂತೆ ಕಡೆಯಿಂದ ಇಂಥ ಫೋನ್ ಬಂದರೆ ನಾನು ಮೊದಲು ಹೇಳುವುದು: ನೀರು ಕುಡಿಸಬೇಡ. ನನ್ನ ಕೈಗೆ ಸಿಕ್ಕ ಮೊದಲ ಹಕ್ಕಿಗೆ ಚಮಚದಲ್ಲಿ ನೀರು ಬಿಟ್ಟಿದ್ದೆ. ನೀರು ಶ್ವಾಸಕೋಶಕ್ಕಿಳಿದು ಅಂಗೈಯಲ್ಲೇ ಕತ್ತು ವಾಲಿಸಿತು. ಆ ಭಾರ ಇಂದಿಗೂ ಕೈಯಲ್ಲಿದೆ.

ಬೀಳುವುದು ಹೆಚ್ಚಾಗಿ ಎರಡು ಬಗೆಯ ಕಡಲ ರೀವ (ಇಂಗ್ಲಿಷಿನಲ್ಲಿ ಟರ್ನ್): ಬ್ರೈಡಲ್ಡ್ ಟರ್ನ್, ಸೂಟಿ ಟರ್ನ್. ಭದ್ರಾ ಹಿನ್ನೀರಿನ ನದಿ ರೀವಗಳ ನೆಂಟರು ಇವು. ಬ್ರೈಡಲ್ಡ್‌ನ ಹಣೆಯ ಬಿಳಿ ಹುಬ್ಬಿನಂತೆ ಕಣ್ಣು ದಾಟಿ ಹಿಂದೆ ಹೋಗುತ್ತದೆ, ಬೆನ್ನು ಕಂದುಬೂದು. ಸೂಟಿಯದು ಕಣ್ಣಿಗೇ ನಿಲ್ಲುತ್ತದೆ, ಬೆನ್ನು ಕಪ್ಪು. ಬ್ರೈಡಲ್ಡ್ ಗೋವಾದಾಚೆಯ ವೆಂಗುರ್ಲಾ ಬಂಡೆಗಳ ಸಂದಿಗಳಲ್ಲಿ ಮೊಟ್ಟೆಯಿಡುತ್ತದೆ. ಸೂಟಿಯ ಊರು ಲಕ್ಷದ್ವೀಪದ ಪಿಟ್ಟಿ, ಒಂದು ಮರವೂ ಇಲ್ಲದ ಮರಳು ದಿಬ್ಬ. ಎರಡೂ ಒಂದು ಸಲಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿಗಳು. ಅದಕ್ಕೇ ದಡಕ್ಕೆ ಬಿದ್ದ ಒಂದು ಹಕ್ಕಿಯನ್ನೂ ಸುಮ್ಮನೆ ಬಿಟ್ಟು ಬರಲು ನನಗೆ ಮನಸ್ಸಾಗುವುದಿಲ್ಲ. ಮುಂಗಾರಿನ ಗಾಳಿಗೆ ದಿನಗಟ್ಟಲೆ ಎದುರಾಗಿ, ಮೇಲ್ಮಟ್ಟದ ಮೀನೂ ಸಿಗದೆ ಸೋತು ಇಲ್ಲಿಗೆ ಬಂದಿರುತ್ತವೆ. ಹೆಚ್ಚಿನವಕ್ಕೆ ಗಾಯವಿರುವುದಿಲ್ಲ, ಹಸಿವು ಮತ್ತು ಚಳಿ ಮಾತ್ರ.

ಮೊದಲು ನಾಯಿ, ಕಾಗೆಗಳನ್ನು ಓಡಿಸಿ. ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಹಕ್ಕಿಜ್ವರದ ಭಯ ಕಡಲಹಕ್ಕಿಗಳಲ್ಲೂ ಇದೆ. ಹಿಂದಿನಿಂದ ಹೋಗಿ ಒಣ ಬೈರಾಸನ್ನು ತಲೆ ಸೇರಿ ಮುಚ್ಚಿ, ರೆಕ್ಕೆ ಮೈಗೆ ಮಡಚಿ ಎತ್ತಿ. ಎದೆ ಅದುಮಬೇಡಿ, ಉಸಿರು ನಿಲ್ಲುತ್ತದೆ. ಕೊಕ್ಕು ಚೂಪು, ನಿಮ್ಮ ಕಣ್ಣಿನಿಂದ ದೂರವಿರಲಿ. ಕೊಕ್ಕಿಗೆ ದಾರ, ಟೇಪು ಸುತ್ತಬೇಡಿ.

ನಂತರ ರಟ್ಟಿನ ಪೆಟ್ಟಿಗೆ. ಗಾಳಿಗೆ ತೂತು ಮಾಡಿ, ಅಡಿಗೆ ಹಳೇ ಬಟ್ಟೆ ಹಾಸಿ. ಇನ್ನೊಂದು ಬಟ್ಟೆಯನ್ನು ಮೀನು ಮಾರುವ ಹೆಂಗಸರು ಬುಟ್ಟಿಯಡಿ ಇಡುವ ಸಿಂಬಿಯ ಹಾಗೆ ಸುತ್ತಿ, ಅದರ ಮೇಲೆ ಹಕ್ಕಿಯನ್ನು ಕೂರಿಸಿ. ಸೊರಗಿದ ಹಕ್ಕಿಯ ಎದೆಮೂಳೆ ಗಟ್ಟಿ ನೆಲಕ್ಕೆ ಒತ್ತಿ ಹುಣ್ಣಾಗದಿರಲು ಇದು ಬೇಕು. ಮುಚ್ಚಿ, ಬೆಚ್ಚಗಿನ ಕತ್ತಲ ಮೂಲೆಯಲ್ಲಿಡಿ. ಫ್ಯಾನ್ ಬೇಡ, ಟಿವಿ ಬೇಡ, ಮಕ್ಕಳಿಗೆ ತೋರಿಸಲೂ ಬೇಡ. ನಮಗೆ ಸುಮ್ಮನಿದ್ದಂತೆ ಕಾಣುವ ಹಕ್ಕಿ ಒಳಗೆ ಹೆದರಿಕೆಯಿಂದಲೇ ಸಾಯಬಹುದು.

ಅನ್ನ, ಹಾಲು, ಬಂಗುಡೆ ತುಂಡು, ಯಾವುದನ್ನೂ ಕೊಡಬೇಡಿ. ಉಪವಾಸವಿದ್ದ ಹೊಟ್ಟೆಗೆ ಅರಗಿಸುವ ಶಕ್ತಿ ಇರುವುದಿಲ್ಲ. ಮೊದಲು ಮೈ ಬಿಸಿಯಾಗಬೇಕು, ಆಮೇಲೆ ದ್ರವ, ಕೊನೆಗೆ ಮೀನು. ಅದು ಪಶುವೈದ್ಯರ ಕೆಲಸ. ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಮನೆಯಲ್ಲಿ ಸಾಕಿಕೊಳ್ಳುವಂತಿಲ್ಲ. ಕಾಲಲ್ಲಿ ಲೋಹದ ಉಂಗುರವಿದ್ದರೆ ಸಂಖ್ಯೆ ಬರೆದುಕೊಳ್ಳಿ, ಉಂಗುರ ಕಳಚಬೇಡಿ. ಸತ್ತ ಹಕ್ಕಿಗಳು ಗುಂಪಾಗಿ ಕಂಡರೆ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಿ.

"ಕಡಲಿನದ್ದು ಕಡಲಿಗೇ" ಎಂದು ಅಲೆಗೆ ಎಸೆಯುವವರು ಕರುಣೆಯಿಂದಲೇ ಎಸೆಯುತ್ತಾರೆ. ಆದರೆ ಸೂಟಿ ಟರ್ನ್ ಬಾತುಕೋಳಿಯಂತಲ್ಲ. ಅದರ ಗರಿ ನೀರು ಹೀರುತ್ತದೆ. ವರ್ಷಗಟ್ಟಲೆ ಆಕಾಶದಲ್ಲೇ ಇರಬಲ್ಲ ಹಕ್ಕಿ ನೀರಿನಲ್ಲಿ ಮುಳುಗುತ್ತದೆ.

ಬಿಡುವ ದಿನವನ್ನು ವೈದ್ಯರೇ ಹೇಳಲಿ. ಗಾಳಿ ಇಳಿದ ಬೆಳಿಗ್ಗೆ ಪೆಟ್ಟಿಗೆಯನ್ನು ಗಾಳಿಗೆ ಮುಖ ಮಾಡಿ ಮರಳ ಮೇಲಿಟ್ಟು, ಮುಚ್ಚಳ ತೆಗೆದು ಹಿಂದೆ ಸರಿಯಿರಿ. ಮೇಲಕ್ಕೆ ತೂರಬೇಡಿ. ಹೋದ ವರ್ಷ ಇಲಾಖೆಯವರ ಜೊತೆ ನಾನು ನೋಡಿದ್ದು ಹಾರುವ ಮೊದಲು ಹನ್ನೆರಡು ನಿಮಿಷ ಕೂತಿತ್ತು. ಅಷ್ಟು ಹೊತ್ತೂ ಕಾಗೆ ಬರದಂತೆ ನಾವು ಕಾಯುತ್ತ ನಿಂತಿರಬೇಕು.