ಸ್ಮಾರ್ಟ್ ಬಿಎಂಎಸ್‌ಗೆ ಹೊಸ ಫರ್ಮ್‌ವೇರ್: ನನ್ನ ಅನುಭವ

ನನ್ನ ಬ್ಯಾಟರಿ ಪ್ಯಾಕ್‌ನಲ್ಲಿ 16 ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳಿವೆ. ಒಂದೊಂದೂ 280 ಆಂಪಿಯರ್-ಅವರ್‌ನದು. ಒಟ್ಟು 51.2 ವೋಲ್ಟ್. ಸೋಲಾರ್‌ನಿಂದ ಚಾರ್ಜ್ ಆಗಿ ಇನ್ವರ್ಟರ್ ಮೂಲಕ ಮನೆಗೆ ಕರೆಂಟ್ ಕೊಡುತ್ತದೆ. ಇದನ್ನೆಲ್ಲ ಕಾಯುವ ಬಿಎಂಎಸ್‌ಗೆ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಅನ್ನುವ ಬೋರ್ಡ್‌ಗೆ) ಹೊಸ ಫರ್ಮ್‌ವೇರ್, ಅಂದರೆ ಅದರೊಳಗಿನ ಸಾಫ್ಟ್‌ವೇರ್, ಹಾಕಿದ್ದು ನಾನೇ. ಫೈಲ್ ಹಾಕುವುದಕ್ಕೆ ಕೆಲವೇ ನಿಮಿಷ ಸಾಕು. ಅದರ ಹಿಂದೆ ಮುಂದೆ ಮಾಡುವ ಕೆಲಸವೇ ಜಾಸ್ತಿ.

ಮೊದಲು, ಇದು ಬೇಕಾಗಿದ್ದು ಯಾಕೆ ಅಂತ ಹೇಳುತ್ತೇನೆ. ಒಂದೇ ಒಂದು ಸೆಲ್ 3.65 ವೋಲ್ಟ್ ದಾಟಿದರೂ ಚಾರ್ಜ್ ನಿಲ್ಲಿಸುವುದು, 2.5 ವೋಲ್ಟ್‌ಗಿಂತ ಕೆಳಗೆ ಇಳಿಯಲು ಬಿಡದಿರುವುದು, ಇಷ್ಟನ್ನು ಸಾದಾ ಬಿಎಂಎಸ್ ಕೂಡ ಮಾಡುತ್ತದೆ. ನನ್ನ ಸ್ಮಾರ್ಟ್ ಬಿಎಂಎಸ್ ಇನ್ವರ್ಟರ್ ಜೊತೆಯೂ ಮಾತಾಡುತ್ತದೆ. ಎಷ್ಟು ವೋಲ್ಟ್‌ವರೆಗೆ ಚಾರ್ಜ್ ಮಾಡಬೇಕು, ಎಷ್ಟು ಆಂಪ್ ಕೊಡಬೇಕು ಅಂತ ಕ್ಯಾನ್ (ಸಾಧನಗಳ ನಡುವೆ ಡೇಟಾ ಸಾಗಿಸುವ) ಕೇಬಲ್ ಮೂಲಕ ತಾನೇ ಹೇಳುತ್ತದೆ. ನನ್ನ ಹಳೆಯ ಫರ್ಮ್‌ವೇರ್ ಇಡೀ ದಿನ ಒಂದೇ ವೋಲ್ಟೇಜ್ ಕೇಳುತ್ತಿತ್ತು. ಬ್ಯಾಟರಿ ತುಂಬಿದ ಮೇಲೂ ಸೆಲ್‌ಗಳು ಸಂಜೆವರೆಗೆ ಮೇಲಿನ ವೋಲ್ಟೇಜ್‌ನಲ್ಲೇ ನಿಂತಿರುತ್ತಿದ್ದವು. ಇದು ಸೆಲ್‌ಗಳ ಆಯಸ್ಸಿಗೆ ಒಳ್ಳೆಯದಲ್ಲ. ಹೊಸ ಆವೃತ್ತಿಯಲ್ಲಿ ಫ್ಲೋಟ್ ಬಂದಿತ್ತು. ತುಂಬಿದ ಮೇಲೆ ಸ್ವಲ್ಪ ಹೊತ್ತು ಕಾದು, ಆಮೇಲೆ ಕಡಿಮೆ ವೋಲ್ಟೇಜ್ ಕೇಳುತ್ತದೆ. ನನಗೆ ಬೇಕಾದದ್ದು ಇದೇ. ಬದಲಾವಣೆಗಳ ಪಟ್ಟಿಯಲ್ಲಿ ನಮಗೆ ಉಪಯೋಗವಾಗುವಂಥದ್ದು ಏನೂ ಇಲ್ಲದಿದ್ದರೆ ಸುಮ್ನೆ ಹೊಸ ನಂಬರ್ ನೋಡಿ ಅಪ್‌ಡೇಟ್ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇದು ಫೋನ್ ಅಲ್ಲ, ಬ್ಯಾಟರಿಯ ಕಾವಲುಗಾರ.

ಫೈಲ್ ಆರಿಸುವಾಗ ಬೋರ್ಡ್‌ನ ಹಾರ್ಡ್‌ವೇರ್ ಆವೃತ್ತಿ ನೋಡಲೇಬೇಕು. ಒಂದೇ ಹೆಸರಿನ ಮಾಡೆಲ್ ಆದರೂ ಒಳಗಿನ ಬೋರ್ಡ್ ಬೇರೆ ಇರಬಹುದು. ತಪ್ಪು ಫೈಲ್ ಹಾಕಿದರೆ ಬೋರ್ಡ್ ಮತ್ತೆ ಏಳದೇ ಹೋಗಬಹುದು. ತಯಾರಕರೇ ಕೊಟ್ಟ ಫೈಲ್ ಬಿಟ್ಟು ಬೇರೆಯದನ್ನು ನಾನು ಮುಟ್ಟುವುದಿಲ್ಲ.

ಶುರು ಮಾಡುವ ಮುಂಚೆ ಆ್ಯಪ್‌ನ ಪ್ರತಿ ಸೆಟ್ಟಿಂಗ್ ಪುಟದ ಸ್ಕ್ರೀನ್‌ಶಾಟ್ ತೆಗೆದುಕೊಂಡೆ. ಸೆಲ್ ಸಂಖ್ಯೆ, ಸೆಲ್ ಬಗೆ, ಸಾಮರ್ಥ್ಯ, ಕಟ್ಆಫ್ ವೋಲ್ಟೇಜ್‌ಗಳು, ಮತ್ತೆ ಆನ್ ಆಗುವ ವೋಲ್ಟೇಜ್, ತಾಪಮಾನದ ಮಿತಿಗಳು, ಬ್ಯಾಲೆನ್ಸಿಂಗ್ (ಎಲ್ಲ ಸೆಲ್‌ಗಳನ್ನು ಒಂದೇ ಮಟ್ಟಕ್ಕೆ ತರುವುದು), ಕ್ಯಾನ್ ಪ್ರೊಟೊಕಾಲ್, ಎಲ್ಲವೂ. ಹಳೆಯ ಸೆಟ್ಟಿಂಗ್ ಫೈಲ್ ಇಟ್ಟುಕೊಂಡು ಹೊಸದರಲ್ಲಿ ತುಂಬಿಸುವ ಸೌಲಭ್ಯ ಇದ್ದರೂ ನಾನು ಬಳಸಲಿಲ್ಲ. ಆವೃತ್ತಿ ಬದಲಾದಾಗ ಒಳಗಿನ ಕ್ರಮವೂ ಬದಲಾಗಿರಬಹುದು. ಕೈಯಲ್ಲೇ ಒಂದೊಂದಾಗಿ ತುಂಬುವುದು ವಾಸಿ.

ಬೋರ್ಡ್ ರೀಸ್ಟಾರ್ಟ್ ಆಗುವಾಗ ಮಾಸ್‌ಫೆಟ್‌ಗಳು, ಅಂದರೆ ಬ್ಯಾಟರಿಯ ಕರೆಂಟನ್ನು ಬಿಡುವ, ತಡೆಯುವ ಎಲೆಕ್ಟ್ರಾನಿಕ್ ಸ್ವಿಚ್‌ಗಳು, ಆಫ್ ಆಗಬಹುದು. ಅಂದರೆ ಆ ಕ್ಷಣಕ್ಕೆ ಬ್ಯಾಟರಿ ಇಲ್ಲ ಅಂತಲೇ ಲೆಕ್ಕ. ಅದಕ್ಕೇ ಮೊದಲು ಸೋಲಾರ್ ಪ್ಯಾನೆಲ್‌ನ ಐಸೊಲೇಟರ್ ಆಫ್ ಮಾಡಿದೆ. ಪ್ಯಾನೆಲ್‌ನಿಂದ ಕರೆಂಟ್ ಬರುತ್ತಿರುವಾಗ ಬ್ಯಾಟರಿ ತಪ್ಪಿಹೋದರೆ ಚಾರ್ಜ್ ಕಂಟ್ರೋಲರ್‌ನಲ್ಲಿ ವೋಲ್ಟೇಜ್ ಒಮ್ಮೆಲೇ ಏರಿ ಅದು ಹಾಳಾಗಬಹುದು. ಆಮೇಲೆ ಲೋಡ್, ಆಮೇಲೆ ಇನ್ವರ್ಟರ್, ಕೊನೆಗೆ ಬ್ಯಾಟರಿ ಬ್ರೇಕರ್. ಸೆಲ್‌ಗಳಿಗೆ ಹೋಗುವ ತೆಳು ವೈರ್‌ಗಳನ್ನು ಮುಟ್ಟಲಿಲ್ಲ. ಬಿಎಂಎಸ್‌ಗೆ ಕರೆಂಟ್ ಸಿಗುವುದೇ ಪ್ಯಾಕ್‌ನಿಂದ ಅಲ್ವಾ. ಲ್ಯಾಪ್‌ಟಾಪ್ ತನ್ನದೇ ಬ್ಯಾಟರಿಯಲ್ಲಿ ಓಡುತ್ತಿತ್ತು. ಇದೇ ಇನ್ವರ್ಟರ್‌ನಿಂದ ಕರೆಂಟ್ ಪಡೆಯುವ ಕಂಪ್ಯೂಟರ್‌ನಲ್ಲಿ ಈ ಕೆಲಸ ಮಾಡಿದರೆ ಅರ್ಧದಲ್ಲೇ ಅದು ಆಫ್ ಆಗುತ್ತದೆ. ಬ್ಲೂಟೂತ್‌ನಲ್ಲೂ ಅಪ್‌ಡೇಟ್ ಮಾಡಬಹುದಿತ್ತು. ಆದರೆ ಮಧ್ಯೆ ಸಂಪರ್ಕ ತಪ್ಪಬಾರದು ಅಂತ ನಾನು ಕೇಬಲ್ ಆರಿಸಿಕೊಂಡೆ.

ಅಪ್‌ಡೇಟ್ ತಾನಾಗಿ ಮುಗಿಯಿತು. ಅದರ ಬಗ್ಗೆ ಹೇಳಲು ಏನೂ ಇಲ್ಲ.

ಅದಾದ ಮೇಲೆ ಸೆಟ್ಟಿಂಗ್ ನೋಡಿದರೆ ಕೆಲವು ಹಾಗೇ ಇದ್ದವು, ಕೆಲವು ಕಾರ್ಖಾನೆಯ ಮೂಲ ಸೆಟ್ಟಿಂಗ್‌ಗೆ ಮರಳಿದ್ದವು. ಸಾಮರ್ಥ್ಯ, ಬ್ಯಾಲೆನ್ಸಿಂಗ್ ಶುರುವಾಗುವ ವೋಲ್ಟೇಜ್, ಪಾಸ್‌ವರ್ಡ್ ಕೂಡ. ಪಾಸ್‌ವರ್ಡ್ ತಕ್ಷಣ ಬದಲಿಸಿದೆ. ಇಲ್ಲದಿದ್ದರೆ ಬ್ಲೂಟೂತ್ ಸಿಗುವಷ್ಟು ದೂರದಲ್ಲಿರುವ ಯಾರಾದರೂ ಮಿತಿಗಳನ್ನು ತಿದ್ದಬಹುದು. ಬ್ಯಾಲೆನ್ಸಿಂಗ್ ಶುರು 3.40 ವೋಲ್ಟ್‌ಗೆ ಇಟ್ಟೆ. ಎಲ್‌ಎಫ್‌ಪಿ ಸೆಲ್‌ನ ವೋಲ್ಟೇಜ್ ಮಧ್ಯದಲ್ಲಿ ಬಹುಪಾಲು ಸಮತಟ್ಟು. ಅಲ್ಲಿ ಕಾಣುವ ಸಣ್ಣ ವ್ಯತ್ಯಾಸ ನಂಬಿ ಬ್ಯಾಲೆನ್ಸ್ ಮಾಡಿದರೆ ಸರಿಯಿದ್ದ ಸೆಲ್‌ಗಳೂ ಹೊಂದಾಣಿಕೆ ತಪ್ಪುತ್ತವೆ. ನನ್ನದು 1 ಆಂಪ್‌ನ ಆ್ಯಕ್ಟಿವ್ ಬ್ಯಾಲೆನ್ಸರ್, ಜಾಸ್ತಿ ಇರುವ ಸೆಲ್‌ನಿಂದ ಕಡಿಮೆ ಇರುವ ಸೆಲ್‌ಗೆ ಚಾರ್ಜ್ ಸಾಗಿಸುತ್ತದೆ. ಒಂದು ಸೆಲ್ ಶೇಕಡಾ 1ರಷ್ಟು ಮುಂದಿದ್ದರೆ, ಅಂದರೆ 2.8 ಆಂಪಿಯರ್-ಅವರ್, ಸರಿಪಡಿಸಲು ಸುಮಾರು 3 ಗಂಟೆ. ಜಾಸ್ತಿ ಇರುವ ಚಾರ್ಜನ್ನು ರೆಸಿಸ್ಟರ್‌ನಲ್ಲಿ ಸುಡುವ 100 ಮಿಲಿಆಂಪ್‌ನ ಬ್ಯಾಲೆನ್ಸರ್ ಆದರೆ 28 ಗಂಟೆ. ಸೆಲ್ ಮೇಲಿನ ವೋಲ್ಟೇಜ್‌ನಲ್ಲಿ ಇರುವುದೇ ದಿನಕ್ಕೆ ಸ್ವಲ್ಪ ಹೊತ್ತು, ಹಾಗಾಗಿ ಅದಕ್ಕೆ ಎಷ್ಟೋ ದಿನ ಬೇಕು.

ಆಮೇಲಿನ ಕೆಲಸವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅದೇ: ಕಾವಲು ನಿಜಕ್ಕೂ ಕೆಲಸ ಮಾಡುತ್ತಿದೆಯಾ ಅಂತ ನೋಡುವುದು. ಮಲ್ಟಿಮೀಟರ್‌ನಲ್ಲಿ ಪ್ರತಿ ಸೆಲ್ ಅಳೆದು ಆ್ಯಪ್‌ಗೆ ಹೋಲಿಸಿದೆ. ಇನ್ವರ್ಟರ್ ಆನ್ ಮಾಡಿ, ಸ್ವಲ್ಪವೇ ಆಂಪ್‌ನಲ್ಲಿ ಚಾರ್ಜ್ ಬಿಟ್ಟು, ಓವರ್‌ವೋಲ್ಟೇಜ್ ಮಿತಿಯನ್ನು ಆಗಿನ ಸೆಲ್ ವೋಲ್ಟೇಜ್‌ಗಿಂತ ಕೆಳಗೆ ಇಳಿಸಿದೆ. ಚಾರ್ಜ್ ನಿಂತಿತು. ತಣ್ಣಗಿರುವಾಗ ಚಾರ್ಜ್ ತಡೆಯುವ ಮಿತಿಯನ್ನು ಆಗಿನ ತಾಪಮಾನಕ್ಕಿಂತ ಮೇಲಕ್ಕೆ ಏರಿಸಿದೆ. ಆಗಲೂ ನಿಂತಿತು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಆನೋಡ್ (ಸೆಲ್‌ನ ಋಣ ಧ್ರುವ) ಮೇಲೆ ಕೂರುತ್ತದೆ. ಆ ಹಾನಿ ವಾಪಸ್ ಸರಿಯಾಗುವುದಿಲ್ಲ. ಅದಕ್ಕೇ ಆ್ಯಪ್‌ನಲ್ಲಿ ಸಂಖ್ಯೆ ನೋಡಿ ಸಮಾಧಾನ ಆಗಲಿಲ್ಲ, ಮಾಸ್‌ಫೆಟ್ ಆಫ್ ಆಗುವುದನ್ನೇ ನೋಡಬೇಕಿತ್ತು. ಪ್ರತಿ ಪರೀಕ್ಷೆಯ ನಂತರ ಮಿತಿಯನ್ನು ಮೊದಲಿನ ಸಂಖ್ಯೆಗೆ ತಂದು ಇನ್ನೊಮ್ಮೆ ಓದಿದೆ.

ಕರೆಂಟ್ ಅಳತೆಯನ್ನೂ ಬಿಡಬೇಡಿ. ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಇಟ್ಟು ಹೋಲಿಸಿ. ಬ್ಯಾಟರಿ ಎಷ್ಟು ತುಂಬಿದೆ ಅಂತ ಬಿಎಂಎಸ್ ಶೇಕಡಾವಾರು ತೋರಿಸುವುದು ಒಳಗೆ ಬಂದದ್ದು, ಹೊರಗೆ ಹೋದದ್ದು ಎಣಿಸಿ. ಅರ್ಧ ಆಂಪ್ ಲೆಕ್ಕ ತಪ್ಪಿದರೂ ದಿನಕ್ಕೆ 12 ಆಂಪಿಯರ್-ಅವರ್, ನನ್ನ ಪ್ಯಾಕ್‌ನಲ್ಲಿ ಶೇಕಡಾ 4ಕ್ಕಿಂತ ಜಾಸ್ತಿ. ಪೂರ್ತಿ ಚಾರ್ಜ್ ಆದಾಗ ಮಾತ್ರ ಅದು 100ಕ್ಕೆ ಸರಿಹೋಗುತ್ತದೆ. ಹಾಗಾಗಿ ಅಪ್‌ಡೇಟ್ ಆದ ಮೇಲೆ ಒಂದು ಪೂರ್ತಿ ಚಾರ್ಜ್ ಆಗುವವರೆಗೆ ಆ ಸಂಖ್ಯೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪೂರ್ತಿ ಚಾರ್ಜ್ ಆದ ದಿನವೇ ಫ್ಲೋಟ್ ಕೂಡ ಕಾಣಿಸಿತು: ಇನ್ವರ್ಟರ್‌ಗೆ ಹೋಗುತ್ತಿದ್ದ ಬೇಡಿಕೆ 55.2ರಿಂದ 53.6 ವೋಲ್ಟ್‌ಗೆ ಇಳಿಯಿತು, ಸೆಲ್‌ಗಳು 3.35ರಲ್ಲಿ ನಿಂತವು.