ಶಾಲಿಗೆ ಹೋಗಂಗಿಲ್ಲ ಅಂತ ಹುಡುಗ ಕುಂತ್ರ ಏನ್ ಮಾಡ್ಬೇಕು

ನಮ್ಮ ಅಕ್ಕನ ಮಗ ಏಳನೇ ಕ್ಲಾಸ್, ಹಳ್ಳಿಯಿಂದ ದಿನಾ ಬಸ್ಸಿನಾಗ ವಿಜಯಪುರ ಜಿಲ್ಲಾದ ಇಂಡಿಗೆ ಹೋಗ್ತಾನ. ಜುಲೈದಾಗ ಶುರು ಆತು ನೋಡ್ರಿ, ಸೋಮವಾರ ಬಂತಂದ್ರ ಹೊಟ್ಟಿನೋವು, ರವಿವಾರ ಆರಾಮ. ಅಕ್ಕ ದೃಷ್ಟಿ ತಗದ್ಲು, ಜಂತಿನ ಗುಳಿಗಿ ಕೊಟ್ಲು. ತಿಂಗಳ ಮ್ಯಾಲೆ ಗೊತ್ತಾತು, ಹಿಂದಿನ ಸೀಟಿನ ದೊಡ್ಡ ಹುಡುಗ್ರು ಇವನ ರೊಟ್ಟಿ ಡಬ್ಬಿ ಕಸ್ಕೊಂಡು ಮಣ್ಣು ತುಂಬಿ ವಾಪಸ್ ಕೊಡ್ತಿದ್ರು, ಮಾತಾಡೋವಾಗ ತೊದಲ್ತಾನಂತ ಅಣಕಿಸಿ ವಿಡಿಯೋ ಮಾಡಿ ಗ್ರೂಪಿಗೂ ಹಾಕಿದ್ರು.

ಮಾವ "ತಿರುಗಿ ಎರಡು ಬಾರ್ಸು" ಅಂದ, ಅಜ್ಜಿ "ಹುಡುಗಾಟ, ಬಿಡು" ಅಂದ್ಲು. ಎರಡಕ್ಕೂ ಹುಡುಗ ಬಾಯಿ ಮುಚ್ಚಿಬಿಟ್ಟ. ಅದಕ್ಕ ಹೇಳ್ತೀನಿ, ಮೊದಲನೇ ದಿನ ಬರೇ ಕೇಳಿಸ್ಕೋರಿ. ಎದುರು ಕೂಡ್ಸಿ "ಯಾರು ಹೊಡದ್ರು" ಅಂದ್ರ ಹೇಳಂಗಿಲ್ಲ, ದನಕ್ಕ ನೀರು ಕುಡಸ್ಕೊಂತ "ಬಸ್ಸಿನಾಗ ಬಾಜು ಯಾರು ಕೂಡ್ತಾರೋ" ಅಂತ ಕೇಳ್ರಿ, ಮಾರಿ ನೋಡದಿದ್ರ ಮಾತು ಲಗೂ ಬರ್ತಾವ. "ಹೇಳಿದ್ದು ಚಲೋ ಆತು, ತಪ್ಪು ನಿಂದಲ್ಲ" ಅನ್ರಿ.

ಆಮ್ಯಾಲೆ ಒಂದು ನೋಟ್‌ಬುಕ್ಕಿನಾಗ ತಾರೀಖು, ಜಾಗ, ಯಾರಿದ್ರು ಅಂತ ಬರೀರಿ, ಸ್ಕ್ರೀನ್‌ಶಾಟ್ ಇಟ್ಕೋರಿ, ಆದ್ರ ಆ ವಿಡಿಯೋ ಬೀಗರಿಗೆಲ್ಲ ಕಳ್ಸಬ್ಯಾಡ್ರಿ. ಆ ಹುಡುಗ್ರ ಮನಿಗೆ ಜಗಳಕ್ಕಂತೂ ಹೋಗಬ್ಯಾಡ್ರಿ, ಊರಾಗ ಅದು ಜಾತಿ ಜಗಳ ಆಗಾಕ ಹೊತ್ತು ಬೇಡ, ಕಡೀಗೆ ಕೂಸಿನ ಮಾತು ಮರತ ಹೋಗ್ತದ. ಹೆಡ್‌ಮಾಸ್ತರಿಗೆ ಬರದು ಕೊಟ್ಟು ಒಂದು ಕಾಪಿಗೆ ಸಹಿ ತಗೋರಿ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ, ಮೇಲುಸ್ತುವಾರಿ ಸಮಿತಿ) ಇದ್ರ ಅವ್ರಿಗೂ ತಿಳಸ್ರಿ. ಇಬ್ರನ್ನೂ ನಿಲ್ಸಿ ಕೈಕುಲುಕಿಸಿ ರಾಜಿ ಮಾಡ್ಸಾಕ ಬಂದ್ರ ಬ್ಯಾಡ ಅನ್ರಿ, ಇದು ಸಮ ಸಮ ಇದ್ದವರ ಜಗಳ ಅಲ್ಲ, ಸಣ್ಣವ ಅಂಜಿಕಿಲೆ ಕೈ ಕೊಡ್ತಾನ, ಮರುದಿನ ಡಬಲ್ ಬೀಳ್ತದ. ಮಾಸ್ತರೇ ಹುಡುಗನ್ನ ಹೀಯಾಳಿಸಿದ್ರೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನಾಗ ಮಾನಸಿಕ ಹಿಂಸಿಗೂ ನಿಷೇಧ ಐತಿ.

ನಮಗ ಖರೇ ಉಪಯೋಗ ಆಗಿದ್ದು ಸುಮ್ನ ನೋಡ್ಕೊಂತ ಕುಂತ ಹುಡುಗ್ರು. ಇಬ್ರು ಗೆಳ್ಯಾರಿಗೆ ಹೇಳಿದ್ವಿ, ನೀವೇನೂ ಹೊಡದಾಡಬ್ಯಾಡ್ರಿ, ಅವ್ರು ಶುರು ಮಾಡಿದ್ ಕೂಡ್ಲೆ "ಏ ಬಾರೋ, ಹೋಂವರ್ಕ್ ತೋರ್ಸು" ಅಂತ ಕರದು ಮುಂದಿನ ಸೀಟಿಗೆ ಕೂಡಸ್ಕೋರಿ ಅಷ್ಟ. ಕಂಡಕ್ಟರಗೂ ಹೇಳಿದ್ವಿ. ನಗೋರು ಕಮ್ಮಿ ಆದ್ರ ಅಣಕಿಸಾವ್ರಿಗೂ ಮಜಾ ಉಳಿಯಂಗಿಲ್ಲ. ಅದ್ರಾಗ ಒಬ್ಬನ ಅಪ್ಪ ಅವ್ವ ಕಬ್ಬು ಕಡ್ಯಾಕ ಮಹಾರಾಷ್ಟ್ರಕ್ಕ ಹೋಗ್ಯಾರ, ಅಂವ ಅಣ್ಣನ ಕೈಯಾಗ ದಿನಾ ಹೊಡ್ತ ತಿಂತಿದ್ನಂತ, ಅವನ ಸಾಲಿ ಬಿಡ್ಸ್ರಿ ಅಂತ ನಾವು ಕೇಳ್ಲಿಲ್ಲ, ಮಾಸ್ತರು ಅವನ ಜೋಡೀನೂ ಕುಂತು ಮಾತಾಡಿದ್ರು.

ಶಾಲ್ಯಾಗ ಕೇಳಲಿಲ್ಲಂದ್ರ 1098 ಮಕ್ಕಳ ಸಹಾಯವಾಣಿ ಐತಿ, 24 ತಾಸೂ ಫ್ರೀ, ಮಕ್ಕಳು ತಾವ ಮಾಡಬಹುದು. ಕೂಸು "ನಾ ಇರಬಾರದಿತ್ತು" ಅಂತ ಅಂದ್ರ ಒಂಟಿ ಬಿಡಬ್ಯಾಡ್ರಿ, 14416ಕ್ಕ ಫೋನ್ ಹಚ್ರಿ, ಅದು ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಾಗ ಮಾತಾಡ್ತಾರ.

ಒಮ್ಮೆ ನಿಂತತಂತ ನೋಟ್‌ಬುಕ್ ಒಗೀಬ್ಯಾಡ್ರಿ, ದೀಪಾವಳಿ ಸೂಟಿ ಮುಗದ ಮ್ಯಾಲೆ ಮತ್ತ ಕೇಳ್ರಿ, ನಮ್ಮಲ್ಲಿ ಆವಾಗ ಇನ್ನೊಮ್ಮೆ ಶುರು ಆಗಿತ್ತು.