ಅಡಿಕೆಗೆ ಮದ್ದು ಬಿಡುವ ಮನೆಯಲ್ಲಿ ಮುಖಕ್ಕೆ ಸನ್‌ಸ್ಕ್ರೀನ್

ಹಣ್ಣಡಿಕೆ ಸಿಪ್ಪೆಸಮೇತ ಒಣಗಿ ಚಾಲಿಯಾಗಬೇಕಾದರೆ 40–45 ದಿನದ ಬಿಸಿಲು ಬೇಕು. ಅಂದರೆ ಡಿಸೆಂಬರಿನಿಂದ ಮಾರ್ಚ್ ತನಕ ಅಂಗಳದಲ್ಲಿ ಅಡಿಕೆಯ ಜೊತೆ ನಾನೂ ಒಣಗುತ್ತೇನೆ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಯಾವ ತೋಟದ ಮನೆಗೆ ಹೋದರೂ ಇದೇ ಕಥೆ. ಮೊದಲು ಸೆಗಣಿ ಸಾರಿಸಿದ ಅಂಗಳವಿತ್ತು. ಸಿಮೆಂಟ್ ಹಾಕಿಸಿದ ಮೇಲೆ ಬಿಸಿಲು ಮೇಲಿನಿಂದ ಮಾತ್ರವಲ್ಲ, ನೆಲದಿಂದಲೂ ಮುಖಕ್ಕೆ ಹೊಡೆಯುತ್ತದೆ. ತಲೆಗೆ ಬೈರಾಸು (ಟವೆಲ್) ಸುತ್ತಿಕೊಂಡರೆ ನೆತ್ತಿಗೇನೋ ತಂಪು, ಕೆನ್ನೆಗೆ ಏನೂ ಇಲ್ಲ.

38ನೇ ವಯಸ್ಸಿಗೆ ಎರಡೂ ಕೆನ್ನೆಯ ಮೇಲೆ ಬಂಗು ಕಾಣಿಸಿತು. ನೆರೆಮನೆಯವರು ಹೇಳಿದರೆಂದು ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದು ಹಚ್ಚಿದೆ. ಹದಿನೈದೇ ದಿನಕ್ಕೆ ಮುಖ ಪಳಪಳ. ಮದುವೆಮನೆಯಲ್ಲಿ ನಾಲ್ಕು ಜನ ಕೇಳಿದರು. ಮೂರು ತಿಂಗಳ ಮೇಲೆ ಬಿಟ್ಟಾಗ ಗೊತ್ತಾಯಿತು: ಉರಿ, ಕೆಂಪು, ತುಟಿಯ ಮೇಲೆ ಸಣ್ಣ ಕೂದಲು, ಬಂಗು ಮೊದಲಿಗಿಂತ ಕಪ್ಪು. ಚರ್ಮದ ಡಾಕ್ಟರು ಟ್ಯೂಬಿನ ಹಿಂಬದಿ ಓದಿಸಿದರು. ಮೊಮೆಟಾಸೋನ್ ಎಂದಿತ್ತು. ಅದು ಸ್ಟಿರಾಯ್ಡ್. ಜೊತೆಗೆ ಹೈಡ್ರೋಕ್ವಿನೋನ್, ಟ್ರೆಟಿನೋಯಿನ್. ಟ್ರೆಟಿನೋಯಿನ್ ಹಚ್ಚಿದ ಚರ್ಮ ಬಿಸಿಲನ್ನು ತಾಳುವುದಿಲ್ಲ, ನಾನೋ ಅದನ್ನು ಹಚ್ಚಿಕೊಂಡು ದಿನವಿಡೀ ಅಂಗಳದಲ್ಲಿ. ಇಂಥ ಸ್ಟಿರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರಕಾರ ನಿಯಮ ಮಾಡಿದೆ. ನನಗೆ ಚೀಟಿ ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಅಷ್ಟಕ್ಕೇ ಬುದ್ಧಿ ಬಂತೇ? ಇನ್ನು ಮನೆಮದ್ದೇ ಸಾಕೆಂದು ನಿಂಬೆರಸ, ಜೇನು ಕಲಸಿ ಹಚ್ಚಿ, ಅರೆಬರೆ ತೊಳೆದು ಅಡಿಕೆ ಮಗುಚಲು ಇಳಿದೆ. ಎರಡು ದಿನ ಏನೂ ಇಲ್ಲ. ಮೂರನೇ ದಿನ ದವಡೆಯ ಮೇಲೂ, ರಸ ಇಳಿದ ಮಣಿಗಂಟಿನ ಮೇಲೂ ಗೆರೆ ಎಳೆದ ಹಾಗೆ ಬೊಕ್ಕೆ. ನಿಂಬೆಯಲ್ಲಿ ಫ್ಯೂರೋಕೂಮರಿನ್ ಎಂಬ ವಸ್ತು ಉಂಟಂತೆ. ಅದು ಬಿಸಿಲಿನ ಯುವಿಎ ಕಿರಣ ತಾಗಿದರೆ ಚರ್ಮವನ್ನೇ ಸುಡುತ್ತದೆ. ಬೊಕ್ಕೆ ಹೋದರೂ ಆ ಕಂದುಗೆರೆ ಮುಂದಿನ ಮಳೆಗಾಲದ ತನಕ ಇತ್ತು.

ಡಾಕ್ಟರು ಬಣ್ಣವಿರುವ ಒಂದು ಸನ್‌ಸ್ಕ್ರೀನ್ ಬರೆದುಕೊಟ್ಟರು. ಕಡಲೆಕಾಳಿನಷ್ಟು ಹಚ್ಚಿ, ಏನೂ ಉಪಯೋಗವಿಲ್ಲವೆಂದು ಗೊಣಗುತ್ತಿದ್ದೆ. ಅದರ ಮರ್ಮ ಗೊತ್ತಾದದ್ದು ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಬಿಡಿಸುವಾಗ. 100 ಲೀಟರ್ ನೀರು, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಸ್ವಲ್ಪ ಅಂಟು. ಬೋರ್ಡೋ ಎಂಬ ಈ ಮದ್ದು ಕೊಳೆತ ಕಾಯಿಯನ್ನು ಗುಣಮಾಡುವುದಿಲ್ಲ. ಮೊದಲೇ ಗೊನೆಯ ಮೈಗೆಲ್ಲ ಅಂಟಿ ಕೂತರೆ ಮಾತ್ರ ಕಾಯುತ್ತದೆ. ತಾಗದೆ ಉಳಿದ ಗೊನೆ ಉದುರುತ್ತದೆ. 40–45 ದಿನಕ್ಕೆ ಮತ್ತೆ ಬಿಡಬೇಕು. ಸನ್‌ಸ್ಕ್ರೀನೂ ಹೀಗೆಯೇ. ಡಬ್ಬದ ಮೇಲೆ ಬರೆದ, ಬಿಸಿಲಿನಿಂದ ಎಷ್ಟು ಕಾಯುತ್ತದೆಂದು ಹೇಳುವ ಎಸ್‌ಪಿಎಫ್ ಅಳೆಯುವುದು ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಮುಖ, ಕುತ್ತಿಗೆಗೆ ಎರಡು ಬೆರಳಿನುದ್ದ ಹಿಂಡಿದರೆ ಹೆಚ್ಚುಕಡಿಮೆ ಆ ಲೆಕ್ಕಕ್ಕೆ ಬರುತ್ತದೆ. ನಾನು ಹಚ್ಚುತ್ತಿದ್ದದ್ದು ಇಡೀ ತೋಟಕ್ಕೆ ಒಂದು ಕೊಡ ಮದ್ದು ಬಿಟ್ಟ ಹಾಗೆ.

ಎಸ್‌ಪಿಎಫ್ 30 ಸರಿಯಾಗಿ ಹಚ್ಚಿದರೆ ಬಿಸಿಲಿನ ಇನ್ನೊಂದು ಬಗೆಯಾದ ಯುವಿಬಿ ಕಿರಣದ ಸುಮಾರು 97 ಶೇಕಡಾ ತಡೆಯುತ್ತದೆ, 50 ಆದರೆ 98. ಈ ಒಂದು ಶೇಕಡಾಕ್ಕೆ ಜಗಳ ಬೇಡ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವುದೇ ದೊಡ್ಡದು. ಮೋಡ, ಕಿಟಕಿ ಗಾಜು ದಾಟಿ ಬರುವ ಯುವಿಎಗೆ ಡಬ್ಬದ ಮೇಲಿನ ಪಿಎ ಅಕ್ಷರಗಳ ಪಕ್ಕದ ಪ್ಲಸ್ ಗುರುತು ಎಣಿಸಬೇಕು. ಪಟ್ಟಿಯಲ್ಲಿ ನಾನು ಹುಡುಕುವುದು ಝಿಂಕ್ ಆಕ್ಸೈಡ್, ಯಾಕೆಂದರೆ ಅದು ಎರಡೂ ಬಗೆಯ ಕಿರಣಕ್ಕೆ ಆಗುತ್ತದೆ. ತೊಂದರೆ ಒಂದೇ, ಹಚ್ಚಿದರೆ ಯಕ್ಷಗಾನದ ಚೌಕಿಯಿಂದ ಅರ್ಧ ಬಣ್ಣದಲ್ಲಿ ಎದ್ದು ಬಂದ ಹಾಗೆ ಕಾಣುತ್ತದೆ. ಬಣ್ಣದ ಸನ್‌ಸ್ಕ್ರೀನಿನಲ್ಲಿ ಆ ಬಿಳಿಯನ್ನು ಮುಚ್ಚುವುದು ಐರನ್ ಆಕ್ಸೈಡ್, ನಮ್ಮ ಮುರಕಲ್ಲಿಗೆ ಕೆಂಪು ಕೊಟ್ಟದ್ದೂ ಅದೇ. ಅದು ಬರೀ ಬಣ್ಣಕ್ಕಲ್ಲ. ಕಂದು ಚರ್ಮದ ನಮ್ಮಂಥವರಿಗೆ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತದೆ. ಸಾಮಾನ್ಯ ಸನ್‌ಸ್ಕ್ರೀನ್ ಆ ಬೆಳಕನ್ನು ತಡೆಯದು, ಐರನ್ ಆಕ್ಸೈಡ್ ತಡೆಯುತ್ತದೆ. ಎಸ್‌ಪಿಎಫ್ ಸಂಖ್ಯೆಯಲ್ಲಿ ಇದು ಕಾಣುವುದೇ ಇಲ್ಲ. ನನ್ನ ಮಟ್ಟಿಗೆ ವ್ಯತ್ಯಾಸ ಕಂಡದ್ದು ಇದರಿಂದಲೇ.

ಮಂಗಳೂರಿನಲ್ಲಿರುವ ತಂಗಿಯ ಮಗಳು, "ದೊಡ್ಡಮ್ಮ, ಇದನ್ನೂ ಹಚ್ಚಿ" ಎಂದು ವಿಟಮಿನ್ ಸಿ ಸೀರಮ್ ತಂದುಕೊಟ್ಟಳು. ಇದು ಕಿರಣವನ್ನು ತಡೆಯುವುದಲ್ಲ, ತಪ್ಪಿಸಿಕೊಂಡು ಒಳಹೊಕ್ಕ ಕಿರಣ ಎಬ್ಬಿಸುವ, ಚರ್ಮ ಕೆಡಿಸುವ ಫ್ರೀ ರ‍್ಯಾಡಿಕಲ್‌ಗಳನ್ನು ತಣಿಸುವುದು. ವಿಟಮಿನ್ ಸಿ ಮತ್ತು ಇ ಜೊತೆ ಫೆರುಲಿಕ್ ಆಮ್ಲ ಸೇರಿಸಿದರೆ ರಕ್ಷಣೆ ಇಮ್ಮಡಿಯಾಗುತ್ತದೆಂದು 2005ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಫೆರುಲಿಕ್ ಆಮ್ಲ ನಾವು ದನಕ್ಕೆ ಹಾಕುವ ಅಕ್ಕಿ ತವುಡಿನಲ್ಲೂ ಉಂಟು, ಹಾಗೆಂದು ತವುಡು ಮುಖಕ್ಕೆ ಮೆತ್ತಿಕೊಳ್ಳಬೇಡಿ. ನಾನು ಸೀಸೆಯನ್ನು ಅಡಿಗೆಮನೆಯ ಕಿಟಕಿಯಲ್ಲಿಟ್ಟೆ. ತಿಂಗಳೊಳಗೆ ಅದು ಕಣ್ಣಚಾಯದ (ಹಾಲು ಹಾಕದ ಚಹಾ) ಬಣ್ಣಕ್ಕೆ ತಿರುಗಿತು. ಗಾಳಿ, ಬೆಳಕು ತಾಗಿ ಕೆಟ್ಟಿತ್ತು. ಮತ್ತೆ ತರಿಸಲಿಲ್ಲ. ಒಂದಕ್ಕೇ ದುಡ್ಡಿದ್ದರೆ ಸನ್‌ಸ್ಕ್ರೀನಿಗೇ ಹಾಕಿ. ರಾತ್ರಿಗೆ 5 ಶೇಕಡಾದ ನಿಯಾಸಿನಮೈಡ್ ಹಚ್ಚುತ್ತೇನೆ. ಅದು ಬಣ್ಣದ ಕಣಗಳು ಮೇಲಿನ ಪದರಕ್ಕೆ ಹೋಗುವುದನ್ನು ಕಡಿಮೆ ಮಾಡುತ್ತದೆ. ಕ್ರಯ ಕಡಿಮೆ, ಆದರೆ ಮೂರು ತಿಂಗಳಾದರೂ ತಾಳ್ಮೆ ಬೇಕು.

ಕ್ರೀಮಿಗಿಂತ ಹೆಚ್ಚು ಕೆಲಸ ಮಾಡಿದ್ದು ಗಡಿಯಾರ ಎನ್ನಲೂಬಹುದು. ಕೇರಳ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಈಗ ಕಿರಣದ ತೀವ್ರತೆ ಹೇಳುವ ಯುವಿ ಸೂಚ್ಯಂಕವನ್ನು ಜಿಲ್ಲೆವಾರು ಕೊಡುತ್ತದೆ, ನಮ್ಮ ಜಿಲ್ಲೆಯದ್ದು ಉದುಮ ಎಂಬ ಊರಿನಲ್ಲಿ ಅಳೆದದ್ದು. 8 ತಲುಪಿದರೆ ಆರೆಂಜ್ ಅಲರ್ಟ್. ಅಡಿಕೆ ಮಗುಚುವುದನ್ನು ಒಂಬತ್ತೂವರೆಯೊಳಗೆ ಮುಗಿಸಿ, ಮತ್ತೆ ನಾಲ್ಕರ ಮೇಲೆಯೇ ಇಳಿಯುತ್ತೇನೆ. ಬೆವರಿದಾಗ ಬೈರಾಸಿನಿಂದ ಉಜ್ಜುವುದಿಲ್ಲ, ಒತ್ತಿ ತೆಗೆಯುತ್ತೇನೆ. ಉಜ್ಜಿದರೆ ಮದ್ದೂ ಹೋಯಿತು.

ಬಂಗು ಪೂರ್ತಿ ಹೋಗಿಲ್ಲ. ಎಡಗೆನ್ನೆಯದ್ದು ಮಾಸಿದೆ, ಬಲಗೆನ್ನೆಯದ್ದು ಮಾರ್ಚಿಗೆ ಮತ್ತೆ ತಲೆಯೆತ್ತುತ್ತದೆ. ದಿನಕ್ಕೆ ಮೂರು ಸಲ ಹಚ್ಚಿದರೆ 50 ಗ್ರಾಮಿನ ಟ್ಯೂಬ್ ಎರಡು ವಾರ ಬರುತ್ತದೆ. "ಅಡಿಕೆಗಿಂತ ನಿನ್ನ ಮುಖಕ್ಕೇ ಮದ್ದು ಜಾಸ್ತಿಯಾಯ್ತಲ್ಲ" ಎಂದು ಮನೆಯವರು ತಮಾಷೆ ಮಾಡುತ್ತಿದ್ದರು. ಈ ಸಲ ಟ್ಯೂಬ್ ಹತ್ತೇ ದಿನಕ್ಕೆ ಮುಗಿಯಿತು. ಜಗಲಿಯ ಮೊಳೆಗೆ ತೂಗುಹಾಕಿದ ಅವರ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ತೆಗೆದು ನೋಡಿದೆ, ಒಳಗಿನ ಅಂಚಿಗೆ ಸುತ್ತಲೂ ಕಂದುಬಣ್ಣ ಮೆತ್ತಿತ್ತು.